ರೊಟ್ಟಿಯಲ್ಲಿ ಸಿಕ್ಕ ಸೇತುವೆ

ನಮ್ಮ ಹಳ್ಳದ ಸೇತುವೆಯನ್ನು ಪಾಸು ಮಾಡಿದ ಮಾನ್ಯ ಅಭಿಯಂತರರೇ,

ನೀವು ಕಟ್ಟಿಸಿದ ಸೇತುವೆಯನ್ನು ನಾವು ತಿನ್ನುತ್ತಿದ್ದೇವೆ. ಸೇತುವೆ ತಿನ್ನುವ ಗುತ್ತಿಗೆದಾರರ ಸುದ್ದಿ ಕೇಳಿದ್ದೆವು; ಜನರಿಗೂ ಅದರಲ್ಲಿ ಪಾಲು ಕೊಟ್ಟವರು ನೀವೇ ಮೊದಲಿಗರು.

ಉದ್ಘಾಟನೆಯ ದಿನ ನೀವು ಹೇಳಿದ್ದು ನೆನಪಿದೆ. ಕಾಂಕ್ರೀಟಿನಲ್ಲಿ ಉಕ್ಕಿನ ಸಣ್ಣ ಎಳೆಗಳನ್ನು ಬೆರೆಸಿದ್ದೇವೆ, ಬಿರುಕು ಬಿಟ್ಟರೂ ಅವು ಹಿಡಿದುಕೊಳ್ಳುತ್ತವೆ ಎಂದಿರಿ. ಕಲ್ಲು ತುಂಬಿದ ಎರಡು ಟಿಪ್ಪರುಗಳನ್ನು ಮೇಲೆ ನಿಲ್ಲಿಸಿದಿರಿ. ಸೇತುವೆ ಜಗ್ಗಲಿಲ್ಲ, ನಾವು ನಿಮಗೆ ಶಾಲು ಹೊದಿಸಿದೆವು. ಆದರೆ ಸ್ವಾಮಿ, ನಮ್ಮ ಕಬ್ಬಿನ ಟ್ರ್ಯಾಕ್ಟರುಗಳು ಸೇತುವೆಯ ಮೇಲೆ ನಿಲ್ಲಲು ಬರುವುದಿಲ್ಲ. ಎರಡೆರಡು ಟ್ರೇಲರ್ ಎಳೆಯುತ್ತ, ಹಾಡು ಹಚ್ಚಿಕೊಂಡು, ಸಕ್ಕರೆ ಕಾರ್ಖಾನೆ ಶುರುವಾದಾಗಿನಿಂದ ಹಗಲಿರುಳು ಹಾಯುತ್ತಿವೆ. ಒಂದು ಸಲ ಹೊರುವುದು ಬೇರೆ, ದಿನವೂ ಹೊರುವುದು ಬೇರೆಯಲ್ಲವೇ? ಪ್ರತಿ ಗಾಲಿಗೂ ಬಿರುಕು ಬಾಯಿ ತೆರೆದು ಮುಚ್ಚುತ್ತದೆ, ಎಳೆ ಒಂದಿಷ್ಟು ಸಡಿಲಾಗುತ್ತದೆ. ಕಾಂಕ್ರೀಟಿಗೂ ದಣಿವಿದೆಯೆಂದು ನಿಮ್ಮ ಪುಸ್ತಕಗಳೇ ಹೇಳುತ್ತವಂತೆ. ಮದುವೆಯ ದಿನವೊಂದೇ ನೋಡಿ ಅಳಿಯ ಬಂಗಾರದಂಥವನೆಂದು ಹೇಳುವ ಬೀಗರನ್ನು ನಾವೂ ಕಂಡಿದ್ದೇವೆ, ಬಿಡಿ.

ಇನ್ನು ರೊಟ್ಟಿಯ ವಿಷಯ. ಜೋಳದ ತೆನೆ ತುಳಿಸಿ ರಾಶಿ ಮಾಡಲು ನುಣುಪಾದ ರಸ್ತೆ ಸಿಕ್ಕರೆ ನಮ್ಮ ಕಡೆ ಬಿಡುವವರಿಲ್ಲ. ಪಕ್ಕದ ಮನೆಯ ರೇವವ್ವ ಸೇತುವೆಯ ಮೇಲೆ ತೆನೆ ಹರವಿದಳು, ಟ್ರ್ಯಾಕ್ಟರುಗಳು ಪುಕ್ಕಟೆ ತುಳಿದುಕೊಟ್ಟವು. ಕೆಲವು ದಿನಗಳ ಮೇಲೆ ರೊಟ್ಟಿ ಹಿಡಿದುಕೊಂಡು ನನ್ನ ಬಳೆ ಅಂಗಡಿಗೆ ಬಂದಳು.

“ಸಿಕಂದರ, ನೋಡಪಾ, ರೊಟ್ಟ್ಯಾಗ ತಂತಿ ಬಂದೈತಿ. ಗಿರಣಿಯವಗ ಕೇಳೂಣು ನಡಿ.”

ಗಿರಣಿಯ ಬಸಂತರಾಯ ನಮ್ಮ ಬೈಗುಳ ಮುಗಿಯುವವರೆಗೆ ಹಿಟ್ಟು ಬೀಸುತ್ತಲೇ ಇದ್ದ. ಆಮೇಲೆ ಕಾಳು ಸುರಿಯುವಲ್ಲಿ ಕಟ್ಟಿದ ಅಯಸ್ಕಾಂತ ತೆಗೆದು ತೋರಿಸಿದ. ಅದಕ್ಕೆ ತಂತಿಯ ಗಡ್ಡ ಬೆಳೆದಿತ್ತು.

“ಜ್ವಾಳ ಎಲ್ಲಿ ರಾಶಿ ಮಾಡೀರಿ, ಅಲ್ಲೇ ಹೋಗಿ ಜಗಳಾ ಮಾಡ್ರಿ.”

ಹೋಗಿ ನೋಡಿದರೆ ಸೇತುವೆಗೆ ಅಡ್ಡಲಾಗಿ ಬಿರುಕು, ಅದರ ಎರಡೂ ದಂಡೆಗೆ ಕಿತ್ತು ನಿಂತ ಎಳೆಗಳು.

ನಿಮ್ಮ ಕಚೇರಿಗೆ ಬಂದೆವು. “ತಂತಿ ಕಾಣುತ್ತಿದೆಯೆಂದರೆ ನಾವು ತಂತಿ ಹಾಕಿದ್ದೇವೆ ಎಂದಾಯಿತಲ್ಲ!” ಎಂದಿರಿ. ಮರುದಿನವೇ ಬಿರುಕಿಗೆ ಡಾಂಬರು ಬಳಿಸಿದಿರಿ, ರಸ್ತೆಯಲ್ಲಿ ರಾಶಿ ಮಾಡಿದ್ದಕ್ಕೆ ರೇವವ್ವನಿಗೆ ನೋಟಿಸು ಕಳಿಸಿದಿರಿ. ಅವಳದೇನೂ ತಕರಾರಿಲ್ಲ.

“ತಪ್ಪು ನಂದ ಐತಿ, ದಂಡಾ ಕಟ್ಟತೇನಿ. ತಂತಿ ಅವರದ ಐತಿ, ಅವರಿಗೇ ಕೊಟ್ಟು ಬಿಡು.”

ನನ್ನ ಮಗಳು ಹುಮಾ ಸಿಂದಗಿಯ ಕಾಲೇಜಿಗೆ ಹೋಗುವುದು ಇದೇ ಸೇತುವೆಯ ಮೇಲೆ. ಈಗ ಬಸ್ಸು ಅದರ ಮುಂದೆ ನಿಲ್ಲುತ್ತದೆ. ಎಲ್ಲರೂ ಇಳಿದು ನಡೆದು ದಾಟುತ್ತಾರೆ, ಹಿಂದಿನಿಂದ ಡ್ರೈವರ್ ಅಮೀರ ಖಾಲಿ ಬಸ್ಸು ತರುತ್ತಾನೆ. ಮೊನ್ನೆ ಅವಳು ಕೇಳಿದಳು:

“ಅಬ್ಬಾಜಾನ್, ನಾವೆಲ್ಲಾ ಇಳೀತೀವಿ. ಅಮೀರ ಕಾಕಾಗ ಯಾರೂ ಇಳಿ ಅನ್ನಂಗಿಲ್ಲೇನು?”

ಎಲ್ಲದಕ್ಕೂ ನಗೆಮಾತು ಹುಡುಕುವವನು ನಾನು. ಆ ಪ್ರಶ್ನೆ ಕೇಳಿ ಭಯವಾಯಿತು, ಈ ಪತ್ರ ಬರೆಯಲು ಕೂತೆ.

ಆದ್ದರಿಂದ ಕಬ್ಬಿನ ಟ್ರ್ಯಾಕ್ಟರುಗಳನ್ನು ಇಂದೇ ಬೇರೆ ದಾರಿಗೆ ತಿರುಗಿಸಿ. ಸೇತುವೆಯ ಕಾಂಕ್ರೀಟಿನ ತುಂಡು ಕೊರೆಸಿ ತೆಗೆದು, ಅದರ ಮೇಲೆ ಮತ್ತೆ ಮತ್ತೆ ಭಾರ ಹೇರಿ ಇಳಿಸಿ ಪರೀಕ್ಷೆ ಮಾಡಿಸಿ. ಬಂದ ಫಲಿತಾಂಶವನ್ನು ಊರ ಮುಂದೆ ಓದಿ ಹೇಳಿ. ಇದಕ್ಕೆಲ್ಲ ಸಮಯ ಬೇಕಾದರೆ ಅವಶ್ಯ ತೆಗೆದುಕೊಳ್ಳಿ. ಅಲ್ಲಿಯವರೆಗೆ ದಿನವೂ ಮುಂಜಾನೆ ದಯಮಾಡಿಸಿ. ನಾವೆಲ್ಲ ಇಳಿದ ಮೇಲೆ ಬಸ್ಸಿನಲ್ಲಿ ಅಮೀರನ ಪಕ್ಕದ ಜಾಗ ಖಾಲಿಯೇ ಇರುತ್ತದೆ.

ಇಂತಿ,
ತಮ್ಮ ತಂತಿಗಳನ್ನು ಪೊಟ್ಟಣ ಕಟ್ಟಿ ಇದರೊಂದಿಗೆ ಮರಳಿಸುತ್ತಿರುವ,
ಬಳೆ ಅಂಗಡಿ ಸಿಕಂದರ
(ಸೇತುವೆ ಅಗಿದೂ ಹಲ್ಲು ಉಳಿಸಿಕೊಂಡವನು)