ಬಿಳಿ ದ್ರಾಕ್ಷಿಯ ಹುಳಿ

ಏನ್ರೀ, ಹೊಲದಿಂದ ಬಂದವರು ಕೊಡಲಿ ಹಿಡಿಯುವ ಮುಂಚೆ ಇದನ್ನು ಓದಿ. ಅಂಗಳದ ದ್ರಾಕ್ಷಿ ಬಳ್ಳಿ ಕಡಿಯಬೇಡಿ.

ಮಾವ ತೀರಿಕೊಂಡ ಮೇಲೆ ಅವರು ನೆಟ್ಟ ಬಳ್ಳಿಯನ್ನು ಅತ್ತೆ ಕಣ್ಣೆತ್ತಿ ನೋಡಿರಲಿಲ್ಲ. ಕಡಿಯಲು ಹೇಳಿದವರೂ ಅವರೇ. ಬೆಳಿಗ್ಗೆ ನಾನು ಅದರ ಬಿಳಿ ದ್ರಾಕ್ಷಿಯಿಂದ ಮಾಡಿದ ವೈನನ್ನು ಸೋಸುತ್ತಿದ್ದೆ. ವಾಸನೆಗೆ ಅತ್ತೆ ಎದ್ದು ಬಂದು ಲೋಟ ಚಾಚಿದರು.

“ಹುಳಿ ಭಾಳ ಆಗೇತಿ,” ಎಂದರು.

“ನನಗ ಹುಳೀನ ಚಲೋ ಅನಸ್ತೈತ್ರಿ, ಅತ್ತಿ,” ಎಂದೆ.

“ನಿನ್ನ ನಾಲಿಗಿ ಕೆಟ್ಟೈತಿ. ನಿಮ್ಮ ಮಾವ ಇದ್ದಿದ್ರ ಬೈತಿದ್ರು. ಮುಂದಿನ ವರ್ಷ ಹಣ್ಣು ಪೂರಾ ಮಾಗಿದ ಮ್ಯಾಲೆ ಕೀಳು,” ಎಂದು ಇನ್ನೊಂದು ಲೋಟ ಹಾಕಿಸಿಕೊಂಡರು. ಮುಂದಿನ ವರ್ಷ ಎಂಬ ಮಾತು ಅವರ ಬಾಯಿಂದಲೇ ಬಂತು, ನಾನು ಹೇಳಿಸಿದ್ದಲ್ಲ.

ತಂಗಿಯನ್ನು ನೋಡಲು ಮುದಗಲ್ಲಿಗೆ ಹೋಗುತ್ತಿದ್ದೇನೆ, ಸಂಜೆ ಬಸ್ಸಿಗೆ ಬರುತ್ತೇನೆ. ರೊಟ್ಟಿ ಬುಟ್ಟಿಯಲ್ಲಿದೆ, ಪುಂಡಿಪಲ್ಯ ಒಲೆಯ ಪಕ್ಕದಲ್ಲಿದೆ.

ಅತ್ತೆ ನಿಮಗೂ ವೈನ್ ತೆಗೆದಿಟ್ಟಿದ್ದಾರೆ. ಒಂದೇ ಗುಟುಕಿಗೆ ಕುಡಿದು ಎದ್ದು ಹೋಗಬೇಡಿ. ಅವರ ಪಕ್ಕ ಕೂತು ಕುಡಿದು, ಹೇಗಿದೆಯೆಂದು ಹೇಳಿ. ಸುಮ್ಮನೆ ಹೊಗಳಬೇಡಿ, ಎಷ್ಟೋ ತಿಂಗಳ ಮೇಲೆ ಅವರಿಗೆ ಇವತ್ತು ವಾದ ಮಾಡುವ ಮನಸ್ಸಾಗಿದೆ.

ಆದೆಮ್ಮ