ಭುವನೇಶ್ವರಿಯ ಗುಣಕ್ಕಾಗಿ

ಜೂನ್ 3, ಸೋಮವಾರ. ಬೆಳಗ್ಗೆ

ಮೊಣಕಾಲಿಗೆ ಎಣ್ಣೆ ತಿಕ್ಕಿದ್ದಾಯಿತು. ಗಂಜಿ ಕುಡಿದಿದ್ದಾಯಿತು. ಎದುರಿನ ಶೆಡ್ಡಿನಲ್ಲಿ ಗ್ರೈಂಡಿಂಗ್ ಶುರು. ದಾಸರಹಳ್ಳಿಯಲ್ಲಿ ಬೆಳಗಾಯಿತು ಅಂತ ಅರ್ಥ. ಇನ್ನೇನು ಮಾಡಲಿ? ಏನೂ ಇಲ್ಲ.

ನಿನ್ನೆಯೂ ಚರ್ಚಿಗೆ ಹೋಗಲಿಲ್ಲ. ಈ ಕಾಲಿಟ್ಟುಕೊಂಡು ಯಾವ ಬಸ್ಸು ಹತ್ತಲಿ... ಸಂಡೇ ಸ್ಕೂಲಿಗೆ ಹೊಸ ಟೀಚರ್ ಬಂದಿದ್ದಾಳಂತೆ. ಕೀಬೋರ್ಡು, ಪ್ರೊಜೆಕ್ಟರು, ಎಲ್ಲ ಇಂಗ್ಲಿಷಿನಲ್ಲಿ. ‘ಎಸ್ತೇರಮ್ಮ ಟೀಚರ್ ಎಲ್ಲಿ’ ಅಂತ ಒಂದು ಮಗುವೂ ಕೇಳಿರಲಿಕ್ಕಿಲ್ಲ. ಹಾಳಾಗಿ ಹೋಗಲಿ.

ಪೀಣ್ಯದಲ್ಲಿ ಮೋಟಾರಿಗೆ ಕಾಯಿಲ್ ಸುತ್ತುವಾಗ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಮನೆಯವರು ಇರುವವರೆಗೆ ಅವರ ಚಾಕರಿಯಾದರೂ ಇತ್ತು. ಕರ್ತನೇ, ಅವರನ್ನು ಕರೆದುಕೊಂಡೆ, ನನ್ನನ್ನು ಯಾಕೆ ಬಿಟ್ಟೆ? ದಿನಾ ಕೇಳುತ್ತೇನೆ. ಅವನಿಗೂ ನನ್ನ ಹಾಗೆ ಕಿವಿ ಮಂದವೇನೋ.

ಜೂನ್ 5, ಬುಧವಾರ

ಅಯ್ಯನವರು ಬಂದಿದ್ದರು. ಇನ್ನೂ ಹುಡುಗ, ಪಾದ್ರಿಯಾಗಿ ನಮ್ಮ ಸಭೆಗೆ ಬಂದು ವರ್ಷವಾಗಿಲ್ಲ. ಕಾಫಿ ಕುಡಿದು, “ಎಸ್ತೇರಮ್ಮ, ನಿಮಗೊಂದು ಕೆಲಸ ಇದೆ” ಅಂದರು.

“ನನ್ನ ಕೈಲೇನಾಗತ್ತೆ ಅಯ್ಯನವರೇ? ಎದ್ದು ನಿಂತ್ರೆ ಕೂತ್ಕೊಳಕ್ಕಾಗಲ್ಲ.”

“ಕೂತ್ಕೊಂಡೇ ಮಾಡೋದು. ಕಾಯಿಲೆಯವರಿಗೋಸ್ಕರ ಪ್ರಾರ್ಥನೆ. ದಿನಾ ಸಂಜೆ, ಹೆಸರು ಹಿಡಿದು, ಗಟ್ಟಿಯಾಗಿ. ಹೆಸರುಗಳನ್ನ ಫೋನಲ್ಲಿ ಹೇಳ್ತೀನಿ.”

ಯಾವುದಕ್ಕೂ ಆಗದ ಮುದುಕಿಯರಿಗೆ ಕೊಡುವ ಕೆಲಸ ಇದು. ನನಗೆ ಗೊತ್ತಿಲ್ಲವೇ? ಆದರೂ ಹ್ಞೂಂ ಅಂದೆ.

ಜೂನ್ 14, ಶುಕ್ರವಾರ

ಸಂಜೆ ಪ್ರಾರ್ಥನೆ ಮುಗಿಸಿ ಕಣ್ಣು ಬಿಟ್ಟರೆ ಹೊಸ್ತಿಲಲ್ಲಿ ಒಬ್ಬಳು ಕೂತಿದ್ದಾಳೆ. ಹಿಂದಿನ ರೂಮಿನ ಮುದುಕವ್ವ. ಯಾದಗಿರಿ ಕಡೆಯವಳು, ಫ್ಯಾಕ್ಟರಿಯಲ್ಲಿ ಕಸ ಗುಡಿಸುತ್ತಾಳೆ. ಕೊರಳಲ್ಲಿ ಯಲ್ಲಮ್ಮನ ಪದಕ.

“ಅವ್ವಾರ, ನನ್ನ ಮಗಳ ಹೆಸರೂ ಸೇರಸ್ರಿ. ಭುವನೇಶ್ವರಿ. ಲಿವರ್ ಕೆಟ್ಟೈತಂತ್ರಿ. ಗಂಡನ ಊರಾಗ ದವಾಖಾನಿಗೆ ಹಾಕ್ಯಾರ.”

“ನಾವು ಯೇಸುಸ್ವಾಮಿ ಹತ್ರ ಕೇಳೋದಮ್ಮ.”

“ಯಾರಿಗರೆ ಕೇಳ್ರಿ. ಕೇಳೂದ ಮುಖ್ಯ ಐತಿ.”

ಸೇರಿಸಿದೆ. ಕಾಯಿಲೆಗೆ ಮತ ಯಾವುದು, ಸಭೆ ಯಾವುದು.

ಜೂನ್ 19, ಬುಧವಾರ

ಮುದುಕವ್ವ ದಿನಾ ಬರುತ್ತಾಳೆ. ‘ಕರ್ತನೇ, ನಿನ್ನ ಮಗಳು ಭುವನೇಶ್ವರಿಯನ್ನು ಮುಟ್ಟು, ಗುಣಪಡಿಸು’ ಅನ್ನುತ್ತೇನೆ. ಎಲ್ಲ ಮುಗಿದ ಮೇಲೆ ಅವಳದು ಒಂದು, “ಆಮೆನ್ ರೀ!” ದೇವರಿಗೂ ರೀ. ಇವತ್ತು ನಗು ತಡೆಯಲಾಗಲಿಲ್ಲ, ಅವಳೂ ನಕ್ಕಳು. ಈಚೆಗೆ ನಾಲ್ಕು ಗಂಟೆಗೇ ಮುಖ ತೊಳೆದು, ಸೀರೆ ಬದಲಾಯಿಸಿ ಕಾಯುತ್ತೇನೆ. ಇದಕ್ಕೇ ಉಳಿಸಿದ್ದೇನೋ ನನ್ನನ್ನು. ಹಾಗಂತ ಬರೆಯಲೂ ಭಯ.

ಜೂನ್ 29, ಶನಿವಾರ

ವಾರವೆಲ್ಲ ಮುದುಕವ್ವ ಇರಲಿಲ್ಲ. ಊರಿಗೆ ಹೋಗಿದ್ದಳಂತೆ. ಇವತ್ತು ಬಂದಳು. ಅರ್ಧ ಆಗಿಹೋಗಿದ್ದಾಳೆ.

“ಹೇಗಿದ್ದಾಳೆ ಮಗಳು?”

“ಹಂಗ ಅದಾಳ್ರಿ.” ಹೊಸ್ತಿಲಲ್ಲಿ ಕೂತು, “ಜೋರಾಗಿ ಹೇಳ್ರಿ ಅವ್ವಾರ.”

ಜೋರಾಗಿಯೇ ಹೇಳಿದೆ. ಆಮೆನ್ ಅನ್ನಲಿಲ್ಲ ಅವಳು. ನಾಳೆಯಿಂದ ಮಧ್ಯಾಹ್ನ ಉಪವಾಸ ಹಿಡಿಯುತ್ತೇನೆ. ಬಿಡುವುದಿಲ್ಲ ಕರ್ತನೇ, ಇವಳೊಬ್ಬಳನ್ನು ನನಗೆ ಕೊಡು.

ಜುಲೈ 12, ಶುಕ್ರವಾರ. ಮಧ್ಯಾಹ್ನ



ನೀರು ಬಿಡಲು ಬಂದ ಓನರ್ ವೆಂಕಟಮ್ಮ ಅದೂ ಇದೂ ಮಾತಾಡುತ್ತ, “ಮುದುಕವ್ವಂಗೆ ಇಂಗಾಗಬಾರದಿತ್ತು, ಪಾಪ” ಅಂದಳು.

“ಏನಾಯ್ತು?”

“ಅಯ್ಯೋ, ಮಗ್ಳು ಓಗ್ಬಿಟ್ಲಲ್ಲ! ಅವತ್ತು ಊರ್ಗೋಗಿದ್ದೇ ಮಣ್ಣಿಗೆ. ನಿಮ್ಗೇಳಿಲ್ವಾ?”

ಸತ್ತವಳನ್ನು ಗುಣಪಡಿಸು ಅಂತ ಇಷ್ಟು ದಿನ ಬಾಯಿ ಹರಿದುಕೊಂಡೆ. ಹೊಟ್ಟೆಗಿಲ್ಲದೆ. ಅವಳು ಎದುರಿಗೇ ಕೂತು ಕೇಳಿದಳು. ಮೇಲಿರುವವನೂ ಕೇಳಿದ. ಇಬ್ಬರಲ್ಲಿ ಒಬ್ಬರಾದರೂ ಹೇಳಬಾರದಿತ್ತೇ?

ಅಯ್ಯನವರಿಗೆ ಫೋನ್ ಮಾಡಿದೆ. “ತೀರ್ಕೊಂಡವರಿಗೋಸ್ಕರ ನಾವು ಪ್ರಾರ್ಥನೆ ಮಾಡೋ ಹಾಗಿಲ್ಲ, ನಿಮಗೇ ಗೊತ್ತಲ್ಲ ಎಸ್ತೇರಮ್ಮ. ಅವರು ದೇವರ ಕೈಲಿ. ಬಿಟ್ಬಿಡಿ, ಬೇರೆ ಹೆಸರು ಕೊಡ್ತೀನಿ” ಅಂದರು. ತರಕಾರಿ ಅಂಗಡಿಯಲ್ಲಿ ಕೊಳೆತದ್ದನ್ನು ಬದಲಾಯಿಸಿ ಕೊಡುವ ಹಾಗೆ.

ಸಂಜೆ

ಬಂದಳು. ಬಾಗಿಲು ತೆಗೆಯಲಿಲ್ಲ. ಕರೆದಳು. ಹೋದಳು. ಯಾರಿಗೂ ಪ್ರಾರ್ಥನೆ ಮಾಡಲಿಲ್ಲ ಇವತ್ತು.

ಜುಲೈ 13, ಶನಿವಾರ

ತಡೆಯಲಾಗಲಿಲ್ಲ. ಗೋಡೆ ಹಿಡಿದುಕೊಂಡು ಅವಳ ರೂಮಿಗೆ ನಾನೇ ಹೋದೆ. ಬಾಯಿಗೆ ಬಂದಂತೆ ಬೈದೆ. “ನನ್ನನ್ನ ಏನಂದ್ಕೊಂಡಿದ್ದೀಯ? ಹುಚ್ಚಿ ಅಂದ್ಕೊಂಡ್ಯಾ?”

ತಲೆ ಎತ್ತಲಿಲ್ಲ.

“ತಪ್ಪಾತ್ರಿ. ಊರಾಗ ಆಕಿ ಹೆಸರು ಎತ್ತಿದ್ರ ಹೋದಾಕಿ ಹೋದ್ಲು, ಸುಮ್ಮಿರು ಅಂತಾರ. ಅಳಾಕೂ ಬಿಡಂಗಿಲ್ಲ. ನಿಮ್ಮ ಹೊಸ್ತಿಲದಾಗ ಕುಂತ್ರ... ಗುಣ ಮಾಡಪ್ಪ ಅಂತಿದ್ರಲ್ರಿ ನೀವು. ಅಷ್ಟೊತ್ತು ಆಕಿ ಇನ್ನೂ ಅದಾಳ ಅನಸ್ತಿತ್ರಿ.”

ನನ್ನ ಸಿಟ್ಟು ಎಲ್ಲಿ ಹೋಯಿತೋ. ಪಕ್ಕದಲ್ಲೇ ಕೂತೆ. ಇಬ್ಬರೂ ಅತ್ತೆವು. ಆಮೇಲೆ ಅಂದೆ, “ಇನ್ಮೇಲೆ ನಿನಗೋಸ್ಕರ ಪ್ರಾರ್ಥನೆ ಮಾಡ್ತೀನಿ. ಅವಳಿಗೆ ಮಾಡೋ ಹಾಗಿಲ್ಲ, ನಮ್ಮಲ್ಲಿ ಇಲ್ಲ ಅದು.”

“ನನಗ ಯಾಕ್ರಿ? ನನಗೇನೂ ಬ್ಯಾಡ. ಆಕಿ ಹೆಸರು ಒಂದು ತಗೋರಿ.”

ಎದ್ದು ಬಂದೆ.

ಜುಲೈ 14, ಭಾನುವಾರ. ಸಂಜೆ

ಬಂದಿದ್ದಾಳೆ. ಸೆರಗು ಹೊದ್ದು ಕೂತಿದ್ದಾಳೆ. ಬರೆಯುವ ನೆಪ ಮಾಡಿಕೊಂಡು ನಾನು ತಡ ಮಾಡುತ್ತಿದ್ದೇನೆ.

ಗುಣಪಡಿಸು ಅನ್ನುವ ಹಾಗಿಲ್ಲ. ಕಾಪಾಡು ಅನ್ನುವ ಹಾಗಿಲ್ಲ. ಹುಟ್ಟಿದಂದಿನಿಂದ ಕಲಿತದ್ದು ಇದು, ಮುರಿದರೆ ನನಗೆ ಇನ್ನೇನು ಉಳಿಯುತ್ತದೆ? ಸುಮ್ಮನಿದ್ದರೆ ಇವಳು ಎದ್ದು ಹೋಗುತ್ತಾಳೆ. ನಾಳೆ ಬರುವುದಿಲ್ಲ. ಆಗ ಮಾತ್ರ ಏನು ಉಳಿಯುತ್ತದೆ?

ಕನ್ನಡಕ ತೆಗೆದಿಡುತ್ತೇನೆ. ಕಣ್ಣು ಮುಚ್ಚಬೇಕು. ಕರ್ತನೇ, ನಿನ್ನ ಮಗಳು ಭುವನೇಶ್ವರಿಯನ್ನು —