ಬೋನಿಗೆ ಬಿದ್ದದ್ದು ಹೆಗ್ಗಣವಲ್ಲ

ಆಗಸ್ಟ್ 24, ಭಾನುವಾರ. ಕ್ಲೈಡ್ ನಾರ್ತ್.

ಮೆಂತ್ಯದ ಮಡಿಯನ್ನು ದಿನಾ ಅಗೆದು ಹಾಳುಮಾಡುತ್ತಿದ್ದ ಹೆಗ್ಗಣ ಬೆಳಿಗ್ಗೆ ಕೊನೆಗೂ ಬೋನಿಗೆ ಬಿದ್ದಿತ್ತು. ಮೈಸೂರಿನಲ್ಲಿ ಅಪ್ಪ ಮಾಡುತ್ತಿದ್ದಂತೆ ಬೋನಿನ ಸಮೇತ ಮುಳುಗಿಸೋಣವೆಂದು ಬಕೆಟ್ ತುಂಬಿದೆ. ಮಗಳು ಆದ್ಯಾ ಓಡಿ ಬಂದಳು.

"ಅಪ್ಪಾ, ಸ್ಟಾಪ್! ಅದು ರ‍್ಯಾಟ್ ಅಲ್ಲ, ಬ್ಯಾಂಡಿಕೂಟ್. ಲುಕ್, ಪೌಚ್‌ನಲ್ಲಿ ಬೇಬೀಸ್ ಇವೆ!"

ಆಮೇಲೆ ಅವಳೇ ಪಾಠ ಮಾಡಿದಳು. ಈ ಕಾಂಗರೂ ದೇಶದ ಇಲಿಗಳೂ ನಮ್ಮೂರಿನವುಗಳ ಹಾಗೆ ಮರಿಯನ್ನು ಹೊಟ್ಟೆಯಲ್ಲೇ ಬೆಳೆಸಿ ಹೆರುತ್ತವಂತೆ. ನಮ್ಮ ಹೆಗ್ಗಣದ ಇಂಗ್ಲಿಷ್ ಹೆಸರೇ ಇದ್ದರೂ ಈ ಬ್ಯಾಂಡಿಕೂಟ್ ಮಾತ್ರ ಕಾಂಗರೂವಿನಂತೆ, ಮರಿ ಅವರೆಕಾಳಿನಷ್ಟಿರುವಾಗಲೇ ಹೆತ್ತು, ಮಿಕ್ಕದ್ದನ್ನು ಚೀಲದಲ್ಲಿ ಬೆಳೆಸುತ್ತದೆ. ಅಗೆಯುವಾಗ ಮರಿಗಳ ಮೇಲೆ ಮಣ್ಣು ಬೀಳದಂತೆ ಚೀಲದ ಬಾಯಿ ಹಿಂದಕ್ಕಿದೆ.

ಬೋನು ತೆರೆದೆ. ಪೊದೆಗೆ ಓಡಿಹೋಯಿತು. ಇನ್ನು ಮೆಂತ್ಯದ ಆಸೆ ಬಿಟ್ಟಂತೆಯೇ.

ಬಕೆಟ್ ಮಾತ್ರ ತುಂಬಿದ ಹಾಗೇ ಹಿತ್ತಲಲ್ಲಿದೆ. ಅದನ್ನು ಚೆಲ್ಲಿ ಬರದೆ ನಿದ್ದೆ ಬರುವಂತಿಲ್ಲ.